ಸೂರು ನೋಡ್ತಾ ಕೂತ ಚಕ್ರವರ್ತಿ

756ನೇ ಇಸವಿ, ಜುಲೈ ತಿಂಗಳು, ಮಟಮಟ ಮಧ್ಯಾಹ್ನ. ಚೀನಾದ ರಾಜಧಾನಿ ಚಾಂಗ್‌ಆನ್‌ನಿಂದ (ಈಗಿನ ಶಿಯಾನ್) ಅರ್ಧ ದಿನದ ದಾರಿಯಲ್ಲಿರೋ ಶಿಯೆನ್‌ಯಾಂಗ್ ಅನ್ನೋ ಊರಲ್ಲಿ ಎಪ್ಪತ್ತು ವರ್ಷದ ಮುದುಕನೊಬ್ಬ ಹಸ್ಕೊಂಡು ಕೂತಿದ್ದಾನೆ. ಬೆಳಕು ಹರಿಯೋಕೆ ಮುಂಚೆನೇ ಮನೆ ಬಿಟ್ಟು ಬಂದಿರೋದು, ಜೊತೆಗೆ ಮಕ್ಕಳು ಮೊಮ್ಮಕ್ಕಳು ಎಲ್ಲಾ ಇದ್ದಾರೆ, ಊಟದ ವ್ಯವಸ್ಥೆ ನೋಡು ಅಂತ ಮುಂದೆ ಕಳಿಸಿದ್ದ ಆಳು ಆ ಊರಿನ ಅಧಿಕಾರಿನ್ನೂ ಕರ್ಕೊಂಡು ಓಡಿಹೋಗಿದ್ದಾನೆ. ಕೊನೆಗೆ ಪ್ರಧಾನ ಮಂತ್ರಿನೇ ಸಂತೆ ಬೀದಿಗೆ ಹೋಗಿ ಒಂದಷ್ಟು ರೊಟ್ಟಿ ಕೊಂಡು ತಂದ. ಆಮೇಲೆ ಹಳ್ಳಿ ಜನ ಗೋಧಿ, ಕಾಳು ಬೆರೆಸಿದ ಒರಟು ಅನ್ನ ತಂದುಕೊಟ್ರು. ರಾಜಕುಮಾರರು, ಮೊಮ್ಮಕ್ಕಳು ಅದನ್ನ ಕೈಯಲ್ಲೇ ಬಾಚಿ ಬಾಚಿ ತಿಂದ್ರು, ಕ್ಷಣದಲ್ಲಿ ಖಾಲಿ, ಆದ್ರೂ ಹೊಟ್ಟೆ ತುಂಬ್ಲಿಲ್ಲ. ಕೈಯಲ್ಲಿ ತಿನ್ನೋದು ನಮಗೇನು ದೊಡ್ಡ ವಿಷ್ಯ ಅಲ್ಲ ಬಿಡಿ, ಆದ್ರೆ ಚಾಪ್‌ಸ್ಟಿಕ್ ಹಿಡಿಯೋ ದೇಶದಲ್ಲಿ, ಅದೂ ರಾಜಮನೆತನದವರು ಹೀಗೆ ತಿಂದ್ರು ಅಂತ ಇತಿಹಾಸ ಬರೆಯೋರು ಮರೀದೆ ಬರೆದಿಟ್ಟಿದ್ದಾರೆ ಅಂದ್ರೆ ಅದು ಅವರಿಗೆ ಎಷ್ಟು ಚುಚ್ಚಿರ್ಬೇಕು ನೋಡಿ.

ಆ ಗುಂಪಲ್ಲಿ ಗುವೊ ಚೊಂಗ್‌ಜಿನ್ ಅಂತ ಒಬ್ಬ ವಯಸ್ಸಾದ ಹಳ್ಳಿಯವನಿದ್ದ. ಅವನು ಮುಂದೆ ಬಂದು ಚಕ್ರವರ್ತಿಗೆ ನೇರವಾಗಿ ಹೇಳ್ದ. ಸ್ವಾಮಿ, ಆ ಗಡಿ ಸೇನಾಧಿಪತಿ ಆನ್ ಲುಶಾನ್ ದಂಗೆ ಏಳ್ತಾನೆ ಅಂತ ಎಷ್ಟೋ ಜನ ಅರಮನೆ ಬಾಗಿಲಿಗೆ ಬಂದು ಹೇಳಿದ್ರು, ನೀವು ಅವರನ್ನೇ ಕೊಲ್ಲಿಸಿದ್ರಿ. ಮುಂಚೆ ಸೊಂಗ್ ಜಿಂಗ್ ಮಂತ್ರಿಯಾಗಿದ್ದಾಗ ಇದ್ದದ್ದನ್ನ ಇದ್ದಂಗೆ ಹೇಳ್ತಿದ್ರು, ದೇಶ ನೆಮ್ಮದಿಯಾಗಿತ್ತು. ಆಮೇಲಿನವರು ಬರೀ ಹೂಂಗುಟ್ಟಿದ್ರು, ಹಾಗಾಗಿ ಅರಮನೆ ಬಾಗಿಲಿನಾಚೆ ಏನಾಗ್ತಿದೆ ಅಂತ ನಿಮಗೆ ಗೊತ್ತೇ ಆಗ್ಲಿಲ್ಲ. ಈ ದಿನ ಬರುತ್ತೆ ಅಂತ ಕಾಡಲ್ಲಿರೋ ನಮಗೆಲ್ಲ ಯಾವತ್ತೋ ಗೊತ್ತಿತ್ತು. ಇವತ್ತು ಹೀಗಾಗಿರದಿದ್ರೆ ನಿಮ್ಮ ಮುಖ ನೋಡಿ ಇದನ್ನ ಹೇಳೋ ಯೋಗ ನನಗೆಲ್ಲಿತ್ತು?

ಚಕ್ರವರ್ತಿ ಕೊಟ್ಟ ಉತ್ತರ ಇಷ್ಟೇ: ತಪ್ಪು ನನ್ನದೇ, ನನಗೆ ಕಣ್ಣು ಕಾಣಲಿಲ್ಲ, ಈಗ ಪಶ್ಚಾತ್ತಾಪ ಪಟ್ಟು ಏನು ಮಾಡೋದು.

ಈ ಪ್ರಸಂಗ ಮೊದಲ ಸಲ ಓದ್ದಾಗ ನನಗೆ ಆ ರಾಜನ ಬಗ್ಗೆ ಏನೂ ಗೊತ್ತಿರ್ಲಿಲ್ಲ, ಯಾವನೋ ಕೈಲಾಗದ ರಾಜ ಇರ್ಬೇಕು ಅನ್ಕೊಂಡೆ. ಆಮೇಲೆ ನೋಡಿದ್ರೆ ಚೀನಾದ ಸುವರ್ಣಯುಗ ಅಂತ ಯಾವುದನ್ನ ಹೇಳ್ತಾರೋ ಅದನ್ನ ಕಟ್ಟಿದವನೂ ಇವನೇ. ಟಾಂಗ್ ಮನೆತನದ ಶುವಾನ್‌ಝೊಂಗ್. ಹೆಸರು ಕೇಳಿ ಕನ್ಫ್ಯೂಸ್ ಆಗ್ಬೇಡಿ, ನಮ್ಮ ಇಮ್ಮಡಿ ಪುಲಕೇಶಿ ಬಗ್ಗೆ ಬರೆದ ಯಾತ್ರಿಕ ಹ್ಯೂಯೆನ್ ತ್ಸಾಂಗ್ ಬೇರೆ, ಅವನು ಭಿಕ್ಷು, ಈ ರಾಜ ಹುಟ್ಟೋಕೆ ಇಪ್ಪತ್ತು ವರ್ಷ ಮುಂಚೆನೇ ತೀರಿಹೋಗಿದ್ದ. ಇವನ ಸ್ವಂತ ಹೆಸರು ಲಿ ಲೊಂಗ್‌ಜಿ, ಶುವಾನ್‌ಝೊಂಗ್ ಅನ್ನೋದು ಸತ್ತ ಮೇಲೆ ಕೊಟ್ಟಿದ್ದು. 712ರಿಂದ 756ರವರೆಗೆ, ಹೆಚ್ಚುಕಮ್ಮಿ 44 ವರ್ಷ ಆಳಿದ.

ಹುಟ್ಟಿದ್ದು 685ರಲ್ಲಿ, ಅಜ್ಜಿ ವು ಝೆಟಿಯನ್ ಕಾಲದಲ್ಲಿ. ಚೀನಾದ ಇತಿಹಾಸದಲ್ಲಿ ಸ್ವಂತ ಹೆಸರಲ್ಲಿ ಚಕ್ರವರ್ತಿ ಪಟ್ಟ ಏರಿದ ಏಕೈಕ ಹೆಂಗಸು ಆಕೆ. ಅಜ್ಜಿ ಅಂದ್ರೆ ಕೋಡುಬಳೆ ಕೊಡೋ ಅಜ್ಜಿ ಅಲ್ಲ. 693ರಲ್ಲಿ, ಹುಡುಗನಿಗೆ ಎಂಟು ವರ್ಷವೂ ತುಂಬಿರದಾಗ, ಮಾಟ ಮಾಡಿಸಿದ್ಲು ಅನ್ನೋ ಸುಳ್ಳು ಆರೋಪದ ಮೇಲೆ ಅವನ ತಾಯಿನ ಅರಮನೆಗೆ ಕರೆಸಿ ಕೊಲ್ಲಿಸಿದ್ಲು. ಹೆಣ ಎಲ್ಲಿ ಹೂತ್ರು ಅಂತ ಯಾವತ್ತೂ ಸಿಗಲಿಲ್ಲ. ಅಪ್ಪ ಮಾರನೇ ದಿನ ಏನೂ ಆಗಿಲ್ಲ ಅನ್ನೋ ಥರ ಆಸ್ಥಾನದಲ್ಲಿ ಕೂತಿದ್ನಂತೆ, ಬೇರೆ ದಾರಿ ಇರ್ಲಿಲ್ಲ, ಬಾಯಿ ಬಿಟ್ಟಿದ್ರೆ ಮುಂದಿನ ಸರದಿ ಅವನದೇ. ಇಂಥಾ ಮನೇಲಿ ಬೆಳೆದ ಹುಡುಗ ಏನು ಕಲೀತಾನೆ? ಯಾರನ್ನೂ ನಂಬ್ಬಾರ್ದು ಅಂತ ಕಲೀತಾನೆ ಅನ್ಸುತ್ತೆ ಅಲ್ವಾ. ವಿಚಿತ್ರ ಅಂದ್ರೆ ಇವನು ಕಲಿತದ್ದು ಉಲ್ಟಾ, ಯಾರಾದ್ರೂ ಒಬ್ಬನನ್ನ ಹುಡುಕಿ ಪೂರ್ತಿ ನಂಬಿಬಿಡೋದು. ಅದು ಆಮೇಲೆ ಹೇಳ್ತೀನಿ.

710ರಲ್ಲಿ ದೊಡ್ಡಪ್ಪ ಝೊಂಗ್‌ಝೊಂಗ್ ತೀರಿಹೋದ, ಹೆಂಡತಿ ಮಗಳು ಸೇರಿ ವಿಷ ಹಾಕಿದ್ರು ಅಂತ ಇತಿಹಾಸಗಳು ಹೇಳ್ತವೆ. ಆ ರಾಣಿ ವೇ ತಾನೇ ಇನ್ನೊಬ್ಬ ವು ಝೆಟಿಯನ್ ಆಗೋಕೆ ಹೊರಟಿದ್ಲು. ಇಪ್ಪತ್ನಾಲ್ಕು ವರ್ಷದ ಲಿ ಲೊಂಗ್‌ಜಿ ತನ್ನ ಅತ್ತೆ ತೈಪಿಂಗ್ ಜೊತೆ ಕೈಜೋಡಿಸಿ, ಅರಮನೆ ಕಾವಲುಪಡೆಯ ಕೆಲವು ಅಧಿಕಾರಿಗಳನ್ನ ಒಳಗೆ ಹಾಕ್ಕೊಂಡು ಒಂದು ರಾತ್ರಿ ನುಗ್ಗಿದ, ಬೆಳಗಾಗೋದ್ರೊಳಗೆ ರಾಣಿ ಕಡೆಯವರು ಮುಗಿದಿದ್ರು. ಅಪ್ಪನನ್ನ ಗದ್ದುಗೆ ಮೇಲೆ ಕೂರಿಸಿದ. ಅವತ್ತು ರಾತ್ರಿ ಅವನ ಜೊತೆಗಿದ್ದ ಅಧಿಕಾರಿಗಳಲ್ಲಿ ಚೆನ್ ಶುವಾನ್‌ಲಿ ಅಂತ ಒಬ್ಬನಿದ್ದ, ಈ ಹೆಸರು ನೆನಪಿಟ್ಕೊಳ್ಳಿ. ದೊಡ್ಡಮಗ ನಾನಿದ್ದೀನಲ್ಲ ಅಂತ ಜಗಳ ಮಾಡ್ಬಹುದಿದ್ದ ಅಣ್ಣ, ಇದು ನಿನ್ನ ದುಡಿಮೆ, ಯುವರಾಜ ನೀನೇ ಆಗು ಅಂತ ಬಿಟ್ಟುಕೊಟ್ಟ. ಇತಿಹಾಸದಲ್ಲಿ ಇಂಥಾ ಅಣ್ಣಂದಿರು ಲೆಕ್ಕಕ್ಕೆ ಸಿಗೋದೇ ಇಲ್ಲ. 712ರಲ್ಲಿ ಅಪ್ಪ ಗದ್ದುಗೆ ಬಿಟ್ಟ, 713ರಲ್ಲಿ ಅತ್ತೆ ಮೇಲೂ ಕೈ ಹಾಕಿ ಅವಳಿಗೆ ಸಾಯೋದು ಬಿಟ್ಟು ಬೇರೆ ದಾರಿ ಇಲ್ಲದಂಗೆ ಮಾಡ್ದ. ಅಲ್ಲಿಗೆ ಹುಡುಗ ನಿಜವಾದ ರಾಜ.

ಈಗ ಸೂರಿನ ಕತೆಗೆ ಬರ್ತೀನಿ.

ಹೊಸದಾಗಿ ಪ್ರಧಾನ ಮಂತ್ರಿಯಾದ ಯಾವೊ ಚೊಂಗ್ ಅನ್ನೋ ಹಳೇ ಹುಲಿ ಒಂದಿನ ಕೆಳಹಂತದ ಅಧಿಕಾರಿಗಳ ನೇಮಕದ ಪಟ್ಟಿ ಹಿಡ್ಕೊಂಡು ಬಂದು ಓದಿ ಹೇಳ್ತಿದ್ದಾನೆ, ರಾಜ ಅವನ ಕಡೆ ನೋಡ್ದೇ ಸುಮ್ನೆ ಮೇಲೆ ಸೂರಿನ ತೊಲೆ ನೋಡ್ತಾ ಕೂತಿದ್ದಾನೆ. ಇನ್ನೊಂದ್ಸಲ ಹೇಳ್ದ, ಉತ್ತರ ಇಲ್ಲ. ಮತ್ತೊಂದ್ಸಲ, ಊಹೂಂ. ಯಾವೊ ಚೊಂಗ್‌ಗೆ ಹೆದರಿಕೆ ಆಯ್ತು, ಏನೋ ತಪ್ಪಾಯ್ತು ಅಂತ ಎದ್ದುಹೋದ. ಆಗ ಪಕ್ಕದಲ್ಲಿದ್ದ ನಪುಂಸಕ ಸೇವಕ ಗಾವೊ ಲಿಶಿ ಕೇಳ್ದ, ಏನು ಸ್ವಾಮಿ ಇದು, ಹೊಸದಾಗಿ ರಾಜ್ಯ ನೋಡ್ತಿದ್ದೀರಿ, ಮಂತ್ರಿ ಏನಾದ್ರೂ ಕೇಳಿದ್ರೆ ಹೂಂ ಅಥವಾ ಊಹೂಂ ಅನ್ಬೇಕಲ್ವಾ? ರಾಜ ಹೇಳ್ದ, ರಾಜ್ಯಭಾರ ಅವನಿಗೆ ಒಪ್ಪಿಸಿದ್ದೀನಿ, ದೊಡ್ಡ ವಿಷ್ಯ ಇದ್ರೆ ಕೂತು ಮಾತಾಡೋಣ, ಗುಮಾಸ್ತರ ನೇಮಕಕ್ಕೆಲ್ಲ ನನ್ನ ತಲೆ ಯಾಕೆ ತಿನ್ಬೇಕು? ಗಾವೊ ಲಿಶಿ ಹೋಗಿ ಇದನ್ನ ತಿಳಿಸಿದಾಗ ಮಂತ್ರಿಗೆ ಜೀವ ಬಂತು. ಎಲ್ರೂ ರಾಜನ ದೊಡ್ಡಗುಣ ಹೊಗಳಿದ್ರು.

ನಿಜಕ್ಕೂ ಹೊಗಳೋ ವಿಷ್ಯನೇ. ಒಳ್ಳೆಯವನನ್ನ ಹುಡುಕು, ಕೆಲಸ ಕೊಡು, ಅಡ್ಡ ಬರ್ಬೇಡ. ಇದರಿಂದ ಏನೇನಾಯ್ತು ಅಂತ ನೋಡಿ. 715–716ರಲ್ಲಿ ಶಾಂಡೊಂಗ್ ಕಡೆ ಮಿಡತೆ ಹಾವಳಿ. ಜನ ಹೊಲದ ಬದುವಲ್ಲಿ ಧೂಪ ಹಚ್ಚಿ ಕೈಮುಗಿದು ಕೂತಿದ್ದಾರೆ, ಮಿಡತೆ ಕಣ್ಣೆದುರಿಗೇ ಬೆಳೆ ತಿಂತಿದೆ, ಮುಟ್ಟೋಕೆ ಭಯ, ದೇವರ ಶಾಪ ಅಂತ. ಯಾವೊ ಚೊಂಗ್ ಹೇಳ್ದ, ರಾತ್ರಿ ಹೊಲದಲ್ಲಿ ಬೆಂಕಿ ಹಾಕಿ, ಪಕ್ಕದಲ್ಲೇ ಗುಂಡಿ ತೋಡಿ, ಬೆಳಕಿಗೆ ಬಂದಿದ್ದನ್ನ ಸುಟ್ಟು ಹೂತುಬಿಡಿ. ಆಸ್ಥಾನದಲ್ಲಿ ಗಲಾಟೆ, ಅಷ್ಟು ಜೀವ ಕೊಂದ್ರೆ ಕೇಡಾಗುತ್ತೆ ಅಂತ. ಕೇಡು ಬಂದ್ರೆ ನನಗೇ ಬರ್ಲಿ, ಜನ ಹಸಿವಿಂದ ಸಾಯೋದು ಬೇಡ ಅಂದ. ರಾಜ ಅವನ ಬೆನ್ನಿಗೆ ನಿಂತ, ದೊಡ್ಡ ಬರಗಾಲ ತಪ್ಪಿತು. ಅದೇ ಯಾವೊ ಚೊಂಗ್ ಮಾತು ಕೇಳಿ ತೆರಿಗೆ ತಪ್ಪಿಸೋಕೆ ಸನ್ಯಾಸಿ ವೇಷ ಹಾಕಿದ್ದ 12 ಸಾವಿರ ಜನರನ್ನ ವಾಪಸ್ ಸಂಸಾರಕ್ಕೆ ಕಳಿಸಿದ. 714ರಲ್ಲಿ ಅರಮನೆಯ ಜರತಾರಿ, ಮುತ್ತು, ಹರಳು ಎಲ್ಲಾ ತಂದು ಅಂಗಳದಲ್ಲಿ ಸುಡಿಸಿದ. (ಇದು ಸ್ವಲ್ಪ ಶೋ ಅನ್ಸುತ್ತೆ ನನಗೆ, ಆದ್ರೂ ಇರ್ಲಿ.)

726ರ ಜನಗಣತಿಯಲ್ಲಿ 4.14 ಕೋಟಿ ಜನ, 754ರಲ್ಲಿ 5.28 ಕೋಟಿ. ಸಾವಿರ ಮೈಲಿ ಪ್ರಯಾಣ ಮಾಡೋಕೂ ಜೊತೆಗೆ ಕತ್ತಿ ಬೇಡ ಅಂತ ಬರೆದಿಟ್ಟಿದ್ದಾರೆ. ಚಾಂಗ್‌ಆನ್ ಆಗ ಪ್ರಪಂಚದಲ್ಲೇ ದೊಡ್ಡ ಪಟ್ಟಣ, ಚದುರಂಗದ ಮಣೆ ಥರ ನೂರಕ್ಕೂ ಹೆಚ್ಚು ಕೇರಿಗಳು, ಸಂಜೆ ನಗಾರಿ ಬಡಿದ್ರೆ ಪ್ರತಿ ಕೇರಿ ಬಾಗಿಲೂ ಬಂದ್, ಪಶ್ಚಿಮದ ಮಾರ್ಕೆಟ್ಟಲ್ಲಿ ಪರ್ಷಿಯಾದವರು, ಮಧ್ಯ ಏಷ್ಯಾದ ಸೊಗ್ಡಿಯಾದವರು ಎಲ್ಲಾ ಅಂಗಡಿ ಇಟ್ಟಿದ್ರು. ನಮ್ಮವರೂ ಇದ್ರು! ಖಗೋಳ ಇಲಾಖೆಯ ದೊಡ್ಡ ಅಧಿಕಾರಿ ಗೌತಮ ಸಿದ್ಧ ಭಾರತ ಮೂಲದ ಮನೆತನದವನು, 718ರಲ್ಲಿ ನಮ್ಮ ನವಗ್ರಹ ಪಂಚಾಂಗದ ಲೆಕ್ಕನ ಚೀನೀ ಭಾಷೆಗೆ ತಂದ, ಅದರ ಜೊತೆ ಸೊನ್ನೆಗೆ ಚುಕ್ಕಿ ಇಡೋ ಪದ್ಧತಿನೂ ಹೋಯ್ತು. 720ರಲ್ಲಿ ಕಂಚಿಯ ಪಲ್ಲವ ನರಸಿಂಹವರ್ಮನ ದೂತರು ಇವನ ಆಸ್ಥಾನಕ್ಕೆ ಬಂದು, ನಮ್ಮ ಆನೆ ಕುದುರೆ ತಗೊಂಡು ಅರಬರ ಮೇಲೆ ಟಿಬೆಟ್ಟಿನವರ ಮೇಲೆ ಯುದ್ಧಕ್ಕೆ ಹೋಗ್ತೀವಿ, ಆ ಸೈನ್ಯಕ್ಕೊಂದು ಹೆಸರು ಕೊಡಿ ಅಂತ ಕೇಳಿ ಹೆಸರು ಇಡಿಸ್ಕೊಂಡು ಹೋಗಿದ್ರು. ಆಗ ಬಾದಾಮಿಯಲ್ಲಿ ನಮ್ಮ ಚಾಲುಕ್ಯ ವಿಜಯಾದಿತ್ಯ ಆಳ್ತಿದ್ದ. ಅವನ ಮಗ ಇಮ್ಮಡಿ ವಿಕ್ರಮಾದಿತ್ಯ ಆಮೇಲೆ ಅದೇ ಕಂಚಿ ಗೆದ್ದ, ಆ ನೆನಪಿಗೆ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದ್ಲು. ಪಟ್ಟದಕಲ್ಲಿಗೆ ಹೋದಾಗ ಆ ಗುಡಿ ಕಲ್ಲಿನ ಮೇಲೆ ಕೈ ಇಟ್ಟು ಇದೇ ಹೊತ್ತಿಗೆ ಚಾಂಗ್‌ಆನ್‌ನಲ್ಲಿ ಅವನು ಡೋಲು ಬಾರಿಸ್ತಾ ಕೂತಿದ್ದ ಅಂತ ನೆನೆಸ್ಕೊಂಡ್ರೆ ಒಂಥರಾ ಮಜಾ.

ಡೋಲು ಅಂದೆ ಅಲ್ವಾ, ಅದು ಸುಮ್ನೆ ಮಾತಿಗೆ ಹೇಳಿದ್ದಲ್ಲ. ಸಂಗೀತದಲ್ಲಿ ಇವನು ಪಕ್ಕಾ ವಿದ್ವಾಂಸ. ಜಿಯೆಗು ಅಂತ ಮಧ್ಯ ಏಷ್ಯಾ ಕಡೆಯ ಒಂದು ಚರ್ಮವಾದ್ಯ ಇವನ ಪ್ರಾಣ. ಅರಮನೆಯ ಪೇರ್ (ಮರಸೇಬು) ಹಣ್ಣಿನ ತೋಟದಲ್ಲಿ (ಅವರು ಲಿಯುವಾನ್ ಅಂತಾರೆ) 300 ಜನ ಕಲಾವಿದರಿಗೆ ತಾನೇ ಪಾಠ ಮಾಡ್ತಿದ್ದ, ಯಾರಾದ್ರೂ ಒಂದು ಸ್ವರ ತಪ್ಪಿದ್ರೂ ಅಲ್ಲೇ ತಿದ್ದೋನು. ಇವತ್ತಿಗೂ ಚೀನಾದ ನಾಟಕದವರು ತಮ್ಮನ್ನ ಆ ತೋಟದ ಶಿಷ್ಯರು ಅಂತಾನೇ ಕರ್ಕೋತಾರೆ. ಅವನ ಅತೀ ಪ್ರಸಿದ್ಧ ಸಂಗೀತ ಕೃತಿಗೆ ಮೂಲ ಅಂತ ಹೇಳೋದು ಗಡಿಭಾಗದ ಒಬ್ಬ ಸೇನಾಧಿಕಾರಿ ಕಳಿಸಿಕೊಟ್ಟ ಒಂದು ಧಾಟಿ, ಅದರ ಹೆಸರು ಪೊಲೊಮೆನ್, ಅಂದ್ರೆ ಬ್ರಾಹ್ಮಣ. ಭಾರತದಿಂದ ಮರಳುಗಾಡು ದಾಟಿ ಹೋದ ರಾಗ.

ಮತ್ತೆ ಕುದುರೆಗಳು. 729ರಿಂದ ರಾಜನ ಹುಟ್ಟುಹಬ್ಬಕ್ಕೆ ದೇಶಕ್ಕೆಲ್ಲ ರಜೆ. ಅವತ್ತು ನೂರು ಕುದುರೆಗಳು ಜರತಾರಿ ಹೊದ್ದು ಸಂಗೀತಕ್ಕೆ ಕುಣೀತಿದ್ವು, ಕೊನೆಗೆ ಬಾಯಲ್ಲಿ ಬಟ್ಟಲು ಕಚ್ಚಿಕೊಂಡು ಮಂಡಿಯೂರಿ ರಾಜನಿಗೆ ಮದ್ಯ ಒಪ್ಪಿಸ್ತಿದ್ವು. ಇದು ಕವಿಗಳ ಬುರುಡೆ ಅನ್ಕೊಂಡಿದ್ರೆ 1970ರಲ್ಲಿ ಶಿಯಾನ್‌ನ ಹೆಜಿಯಾಚುನ್ ಅನ್ನೋ ಜಾಗದಲ್ಲಿ ನೆಲ ಅಗೆಯುವಾಗ ಒಂದು ನಿಧಿ ಸಿಕ್ತು, ಅದರಲ್ಲಿ ಒಂದು ಬೆಳ್ಳಿ ಹೂಜಿ, ಹೂಜಿ ಮೇಲೆ ಬಾಯಲ್ಲಿ ಬಟ್ಟಲು ಕಚ್ಚಿ ಕೂತ ಕುದುರೆ. ದಂಗೆ ಆದ್ಮೇಲೆ ಈ ಕುದುರೆಗಳಲ್ಲಿ ಕೆಲವು ಒಬ್ಬ ಸೇನಾಧಿಪತಿ ಕೈಗೆ ಸಿಕ್ಕಿ ಮಾಮೂಲಿ ಲಾಯದಲ್ಲಿ ಸೇರಿಹೋದ್ವಂತೆ. ಒಂದಿನ ದಂಡಿನಲ್ಲಿ ಔತಣ, ವಾದ್ಯ ಶುರುವಾಯ್ತು, ಇವು ಕುಣಿಯೋಕೆ ಶುರುಮಾಡಿದ್ವು. ಲಾಯದವರಿಗೆ ಗಾಬರಿ, ದೆವ್ವ ಹಿಡ್ದಿದೆ ಅಂತ ಪೊರಕೆ ತಗೊಂಡು ಬಡಿದ್ರು. ಕುದುರೆಗಳು ನಾವು ತಾಳ ತಪ್ಪಿರ್ಬೇಕು ಅನ್ಕೊಂಡು ಇನ್ನೂ ಚೆನ್ನಾಗಿ ಕುಣಿದ್ವು. ಸಾಯೋ ತನಕ ಬಡಿದ್ರು. ಹಳೇ ಸಂಗ್ರಹದಲ್ಲಿ ಬರೋ ಕತೆ ಇದು, ಎಷ್ಟು ನಿಜವೋ, ಆದ್ರೆ ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರ್ಲಿಲ್ಲ.

ಸರಿ, ಎಲ್ಲಿ ಕೆಟ್ಟಿತು?

ಇಡೀ ಪ್ರಪಂಚ ಇದಕ್ಕೆ ಒಂದು ರೆಡಿಮೇಡ್ ಉತ್ತರ ಇಟ್ಕೊಂಡಿದೆ: ಹೆಣ್ಣು. ಯಾಂಗ್ ಗುಯಿಫೇ. ಅವಳ ಚೆಲುವಿಗೆ ಮರುಳಾಗಿ ರಾಜ್ಯ ಕಳ್ಕೊಂಡ ಅಂತ. ನಂಗೆ ಈ ಉತ್ತರ ಕೇಳಿದ್ರೆ ಮೈ ಉರಿಯುತ್ತೆ. ಅವಳು ಹುಟ್ಟಿದ್ದು 719ರಲ್ಲಿ, ಮದುವೆ ಮಾಡ್ಕೊಂಡಿದ್ದು ಇವನ ಮಗನನ್ನ. ಹೌದು, ಇವನ ಸೊಸೆ. ಮಾವನ ಕಣ್ಣು ಬಿತ್ತು, 740ರಲ್ಲಿ ಅವಳಿಗೆ ತಾವೊ ಪಂಥದ ಸನ್ಯಾಸ ಕೊಡಿಸಿ ಮಗನಿಂದ ಬಿಡಿಸಿದ್ರು, 745ರಲ್ಲಿ ಮಗನಿಗೆ ಬೇರೆ ಹೆಂಡತಿ ತಂದು ಅದೇ ಸುಮಾರಿಗೆ ಇವಳಿಗೆ ಗುಯಿಫೇ ಅನ್ನೋ ರಾಣಿ ಪದವಿ ಕೊಟ್ರು. ಇವನಿಗೆ ಆಗ ಅರವತ್ತು, ಅವಳಿಗೆ ಇಪ್ಪತ್ತಾರು. ಇದರಲ್ಲಿ ಅವಳನ್ನ ಯಾರು ಏನು ಕೇಳಿದ್ರು? ಲಿಚಿ ಹಣ್ಣು ಇಷ್ಟ ಅಂದ್ಲು, ದಕ್ಷಿಣದಿಂದ ಸವಾರರು ಕುದುರೆ ಬದಲಿಸ್ತಾ ಬದಲಿಸ್ತಾ ಹಣ್ಣು ಕೆಡದಂಗೆ ತಂದ್ರು, ಸರಿ, ಅದು ದುಂದು. ಆದ್ರೆ ಲಿಚಿ ತಿಂದು ಸಾಮ್ರಾಜ್ಯ ಬೀಳಲ್ಲ.

ನನ್ನ ಪ್ರಕಾರ ಕೆಟ್ಟಿದ್ದು ಅದೇ ಸೂರು ನೋಡೋ ಅಭ್ಯಾಸದಲ್ಲಿ. ಮೊದಲ ಇಪ್ಪತ್ತು ವರ್ಷ ಗಮನಿಸಿ, ಯಾವೊ ಚೊಂಗ್ ಇದ್ದದ್ದು ಮೂರು ವರ್ಷ, ಸೊಂಗ್ ಜಿಂಗ್ ಮೂರ್ನಾಲ್ಕು ವರ್ಷ, ಹೀಗೆ ಒಬ್ಬೊಬ್ಬರೂ ಬಂದು ಒಂದಷ್ಟು ವರ್ಷ ದುಡಿದು ಇಳೀತಿದ್ರು. 733ರಲ್ಲಿ ಹಾನ್ ಶಿಯು ಅಂತ ಒಬ್ಬ ಮಂತ್ರಿ ಬಂದ, ಮಹಾ ಕಿರಿಕ್ ಮನುಷ್ಯ, ರಾಜ ಬೇಟೆಗೆ ಹೋದ್ರೂ ತಪ್ಪು, ಔತಣ ಜಾಸ್ತಿಯಾದ್ರೂ ತಪ್ಪು, ಚೀಟಿ ಬಂದುಬಿಡೋದು. ಒಂದಿನ ರಾಜ ಕನ್ನಡಿ ಮುಂದೆ ಸಪ್ಪಗೆ ಕೂತಿದ್ದಾಗ ಸೇವಕರು, ಇವನು ಬಂದಾಗಿಂದ ನೀವು ಸೊರಗಿಹೋಗಿದ್ದೀರಿ, ತೆಗೆದುಹಾಕಿ ಅಂದ್ರೆ, ನಾನು ಸೊರಗಿದ್ರೂ ಪರ್ವಾಗಿಲ್ಲ ದೇಶ ದಪ್ಪಗಾಗಿದೆ ಅಂದ. ಎಂಥಾ ಮಾತು! ಆದ್ರೆ ಅದೇ ವರ್ಷ ಮುಗಿಯೋದ್ರೊಳಗೆ ಹಾನ್ ಶಿಯು ಮನೆಗೆ ಹೋದ. ಆ ಮಾತನ್ನ ಎಲ್ರೂ ನೆನಪಿಟ್ಕೊಂಡ್ರು, ಮುಂದಿನ ಸಾಲನ್ನ ಯಾರೂ ಓದಲ್ಲ.

734ರಲ್ಲಿ ಲಿ ಲಿನ್‌ಫು ಮಂತ್ರಿಯಾಗಿ ಬಂದ. ನಮ್ಮಲ್ಲಿ ಬಾಯಲ್ಲಿ ಬಸಪ್ಪ ಹೊಟ್ಟೇಲಿ ವಿಷಪ್ಪ ಅಂತೀವಲ್ಲ, ಚೀನೀ ಭಾಷೆಯಲ್ಲಿ ಬಾಯಲ್ಲಿ ಜೇನು ಹೊಟ್ಟೆಯಲ್ಲಿ ಕತ್ತಿ ಅನ್ನೋ ಗಾದೆ ಹುಟ್ಟಿದ್ದೇ ಇವನಿಂದ. ಅವನಿಗೆ ಮುಖ್ಯವಾಗಿ ಅಡ್ಡ ಇದ್ದವನು ಇನ್ನೊಬ್ಬ ಮಂತ್ರಿ ಜಾಂಗ್ ಜಿಯುಲಿಂಗ್. 736ರ ರಾಜನ ಹುಟ್ಟುಹಬ್ಬಕ್ಕೆ ಎಲ್ರೂ ಕನ್ನಡಿ ಉಡುಗೊರೆ ಕೊಟ್ರೆ ಈ ಜಾಂಗ್, ಹಿಂದಿನ ರಾಜರು ಹೇಗೆ ಎದ್ರು ಹೇಗೆ ಬಿದ್ರು ಅಂತ ಪುಸ್ತಕ ಬರೆದು ಕೊಟ್ಟ, ಇದೇ ನನ್ನ ಕನ್ನಡಿ ಅಂತ. ಅದೇ ವರ್ಷ ಆನ್ ಲುಶಾನ್ ಅನ್ನೋ ಗಡಿ ಅಧಿಕಾರಿ ಯುದ್ಧದಲ್ಲಿ ಎಡವಟ್ಟು ಮಾಡ್ಕೊಂಡು ಸಿಕ್ಕಿಬಿದ್ದಾಗ, ಇವನನ್ನ ಉಳಿಸ್ಬೇಡಿ ಮುಂದೆ ಕಷ್ಟ ಆಗುತ್ತೆ ಅಂದಿದ್ದೂ ಇವನೇ. ರಾಜ ಲುಶಾನ್‌ನ ಉಳಿಸಿದ, ಆ ವರ್ಷ ಮುಗಿಯೋದ್ರೊಳಗೆ ಜಾಂಗ್‌ನ ಮಂತ್ರಿ ಪದವಿಯಿಂದ ಇಳಿಸಿದ. ಮಾರನೇ ವರ್ಷ ಚಾಡಿ ಮಾತು ಕೇಳಿ ಯುವರಾಜನೂ ಸೇರಿ ತನ್ನದೇ ಮೂರು ಗಂಡುಮಕ್ಕಳಿಗೆ ಒಂದೇ ದಿನ ಸಾಯೋ ಅಪ್ಪಣೆ ಕೊಟ್ಟ. ಎಂಟನೇ ವಯಸ್ಸಲ್ಲಿ ಸುಳ್ಳು ಆರೋಪಕ್ಕೆ ತಾಯಿ ಕಳ್ಕೊಂಡ ಹುಡುಗ. ಇದನ್ನ ಹೇಗೆ ಅರ್ಥ ಮಾಡ್ಕೋಬೇಕೋ ನನಗಿನ್ನೂ ಹೊಳೆದಿಲ್ಲ.

ಲಿ ಲಿನ್‌ಫು ಹದಿನೆಂಟು ವರ್ಷ ಕೂತ, 752ರಲ್ಲಿ ಸಾಯೋವರೆಗೂ. ತಪ್ಪು ಎತ್ತಿ ಹೇಳೋ ಕೆಲಸದ ಅಧಿಕಾರಿಗಳನ್ನ ಕರೆದು ಅವನು ಹೇಳಿದ್ದು ಕೇಳಿ: ಅರಮನೆ ಬಾಗಿಲಲ್ಲಿ ಮೆರವಣಿಗೆ ಕುದುರೆ ನಿಂತಿರುತ್ತಲ್ಲ, ಒಳ್ಳೇ ಹುಲ್ಲು ಒಳ್ಳೇ ಕಾಳು ತಿಂತವೆ, ಒಂದು ಸಲ ಕೆನೆದ್ರೆ ಸಾಕು ಹೊರಗೆ, ಆಮೇಲೆ ಅತ್ತರೆ ಬರುತ್ತಾ? ಅಲ್ಲಿಗೆ ಎಲ್ಲರ ಬಾಯಿ ಬಂದ್. 747ರಲ್ಲಿ ರಾಜ ಪ್ರತಿಭೆ ಇದ್ದವರನ್ನ ಹುಡುಕೋಣ ಅಂತ ವಿಶೇಷ ಪರೀಕ್ಷೆ ಇಟ್ರೆ, ಬುದ್ಧಿವಂತರು ಬಂದು ತನ್ನ ಹುಳುಕು ಹೇಳಿಬಿಟ್ರೆ ಅಂತ ಒಬ್ಬರನ್ನೂ ಪಾಸ್ ಮಾಡ್ಲಿಲ್ಲ, ಸ್ವಾಮಿ ನಿಮ್ಮ ಆಳ್ವಿಕೆಯಲ್ಲಿ ಪ್ರತಿಭಾವಂತರೆಲ್ಲ ಈಗಾಗ್ಲೇ ಕೆಲಸದಲ್ಲಿದ್ದಾರೆ, ಹೊರಗೆ ಯಾರೂ ಉಳಿದಿಲ್ಲ ಅಂತ ಅಭಿನಂದನೆ ಹೇಳ್ದ! ಅವತ್ತು ಫೇಲಾದವರಲ್ಲಿ ಡು ಫು ಒಬ್ಬ, ಚೀನಾದ ಮಹಾಕವಿ.

ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ ಪ್ರತಿ ಸೋಮವಾರ ರಿವ್ಯೂ ಮೀಟಿಂಗ್ ಇರ್ತಿತ್ತು. ಒಂದ್ಸಲ ಒಬ್ಬ ಹುಡುಗ ಪ್ರಾಜೆಕ್ಟ್ ಲೇಟಾಗುತ್ತೆ ಅಂತ ಕೆಂಪು ಬಣ್ಣ ಹಾಕಿ ತೋರಿಸಿ ಒಂದು ಗಂಟೆ ಬೈಸ್ಕೊಂಡ. ಮುಂದಿನ ವಾರದಿಂದ ಎಲ್ಲರ ಸ್ಲೈಡೂ ಹಸಿರೋ ಹಸಿರು, ಮಲೆನಾಡು ನೋಡ್ದಂಗೆ. ನಾನೂ ಹಸಿರೇ ಹಾಕ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ. ಲಿ ಲಿನ್‌ಫು ವಿಷ್ಯ ಓದುವಾಗ ಅವನಿಗಿಂತ ಜಾಸ್ತಿ ಆ ಬಾಗಿಲ ಕುದುರೆಗಳು ನನಗೆ ಪರಿಚಯ ಅನ್ನಿಸಿದ್ದು ಅದಕ್ಕೇ.

744ರಲ್ಲಿ ರಾಜ ಗಾವೊ ಲಿಶಿ ಹತ್ರ ಹೇಳ್ದ, ಹತ್ತು ವರ್ಷದಿಂದ ರಾಜಧಾನಿ ಬಿಟ್ಟು ಹೋಗಿಲ್ಲ, ದೇಶ ನೆಮ್ಮದಿಯಾಗಿದೆ, ಎಲ್ಲಾ ಲಿ ಲಿನ್‌ಫುಗೆ ಒಪ್ಪಿಸಿ ನಾನು ಸುಮ್ನೆ ಇದ್ದುಬಿಡ್ತೀನಿ, ಹೇಗೆ? ಸೂರು ನೋಡಿದ ದಿನ ಪ್ರಶ್ನೆ ಕೇಳಿದವನೇ ಇವನು. ಅಧಿಕಾರ ಇನ್ನೊಬ್ಬನ ಕೈಗೆ ಕೊಡ್ಬೇಡಿ, ಅವನ ಬಲ ಬೆಳೆದ್ಮೇಲೆ ಯಾರು ಬಾಯಿ ಬಿಡ್ತಾರೆ ಅಂದ. ರಾಜನ ಮುಖ ಗಂಟಿಕ್ಕಿತು. ಗಾವೊ ಲಿಶಿ ತಕ್ಷಣ ಅಡ್ಡಬಿದ್ದು ನನಗೆ ಹುಚ್ಚು, ಏನೋ ಬಾಯಿತಪ್ಪಿ ಅಂದೆ ಅಂದ. ರಾಜ ನಗ್ತಾ ಮದ್ಯ ತರಿಸಿ ಸಮಾಧಾನ ಮಾಡ್ದ, ಸುತ್ತ ಇದ್ದವರು ಜೈಕಾರ ಹಾಕಿದ್ರು. ಆಮೇಲೆ ಗಾವೊ ಲಿಶಿ ರಾಜ್ಯದ ವಿಷ್ಯ ಎತ್ತೋಕೇ ಹೆದರ್ತಿದ್ದ.

ಇನ್ನು ಸೈನ್ಯ. ಮುಂಚೆ ರೈತರು ಸರದಿ ಮೇಲೆ ಬಂದು ಕಾಯೋ ಪದ್ಧತಿ ಇತ್ತು, ಅದು ಕುಸಿದುಬಿತ್ತು, ಸಂಬಳದ ಸೈನಿಕರು ಬಂದ್ರು, ಆ ಸಂಬಳದವರಲ್ಲಿ 4 ಲಕ್ಷ 90 ಸಾವಿರ ಜನ ಗಡಿಯಲ್ಲಿದ್ರು. ರಾಜಧಾನಿ ಕಾಯೋರು ಮಾರ್ಕೆಟ್ ಹುಡುಗರು. ಗಡಿ ಸೇನಾಧಿಪತಿಗಳು ಗೆದ್ದು ಬಂದು ಮಂತ್ರಿ ಆಗೋದು ಹಳೇ ಪದ್ಧತಿ, ಅದನ್ನ ತಪ್ಪಿಸೋಕೆ ಲಿ ಲಿನ್‌ಫು ಒಂದು ಐಡಿಯಾ ಕೊಟ್ಟ, ಓದು ಬರಹ ಬಾರದ ಹೊರಗಿನ ಜನಾಂಗದವರನ್ನೇ ಗಡಿಗೆ ಹಾಕಿ, ಧೈರ್ಯಶಾಲಿಗಳು, ಗುಂಪುಗಾರಿಕೆ ಮಾಡಲ್ಲ ಅಂತ. ತನ್ನ ಕುರ್ಚಿ ಉಳಿಸ್ಕೊಳ್ಳೋಕೆ ಮಾಡಿದ ಈ ಸಣ್ಣ ಲೆಕ್ಕಾಚಾರದಲ್ಲೇ ಅಪ್ಪ ಸೊಗ್ಡಿಯಾ ಕಡೆ ಅಮ್ಮ ತುರ್ಕಿ ಕಡೆಯವನಾದ ಆನ್ ಲುಶಾನ್ ಮೇಲೆ ಬಂದಿದ್ದು. 751ರ ಹೊತ್ತಿಗೆ ಮೂರು ಗಡಿ ಪ್ರಾಂತ್ಯ, ಸುಮಾರು 1 ಲಕ್ಷ 80 ಸಾವಿರ ಸೈನ್ಯ ಇವನೊಬ್ಬನ ಕೈಯಲ್ಲಿ. ದಢೂತಿ ಆಳು, ಈ ಹೊಟ್ಟೇಲಿ ಏನಿದೆಯೋ ಅಂತ ರಾಜ ತಮಾಷೆ ಮಾಡಿದ್ರೆ, ಬರೀ ನಿಷ್ಠೆ ತುಂಬಿದ ಹೃದಯ ಇದೆ ಸ್ವಾಮಿ ಅಂತಿದ್ದ. ಗುಯಿಫೇಗೆ ಸಾಕುಮಗ ಆದ, ಅವಳಿಗಿಂತ ಹದಿನೈದು ವರ್ಷ ದೊಡ್ಡವನು ಬೇರೆ.

ಲಿ ಲಿನ್‌ಫು ಸತ್ತ ಮೇಲೆ ಗುಯಿಫೇ ಸಂಬಂಧಿ ಯಾಂಗ್ ಗುವೊಝೊಂಗ್ ಪ್ರಧಾನಿ ಆದ, ಸಂತೆಯಲ್ಲಿ ರೊಟ್ಟಿ ಕೊಂಡು ತಂದವನು ಇವನೇ. ಇವನಿಗೆ ಲುಶಾನ್ ಕಂಡ್ರೆ ಆಗಲ್ಲ, ಅವನಿಗೆ ಇವನು ಕಂಡ್ರೆ ಆಗಲ್ಲ. ನೈಋತ್ಯದ ನಾನ್‌ಝಾವೊ ರಾಜ್ಯದ ಮೇಲಿನ ಯುದ್ಧದಲ್ಲಿ ಸೈನ್ಯ ಸೋತು ಸುಣ್ಣವಾದ್ರೂ ಗೆದ್ದೆವು ಅಂತ ವರದಿ ಕೊಟ್ಟ. 754ರಲ್ಲಿ ಮಳೆ ನಿಲ್ಲಲೇ ಇಲ್ಲ, ರಾಜನಿಗೆ ಬೆಳೆ ಚಿಂತೆ, ಇವನು ಎಲ್ಲಿಂದಲೋ ಚೆನ್ನಾಗಿ ಬಲಿತ ತೆನೆ ಆರಿಸಿ ತಂದು ನೋಡಿ ಸ್ವಾಮಿ ಮಳೆ ಬಂದ್ರೂ ಬೆಳೆಗೇನೂ ಆಗಿಲ್ಲ ಅಂತ ತೋರಿಸ್ದ. ಪ್ರವಾಹ ಅಂತ ಬರೆದ ಅಧಿಕಾರಿ ಮೇಲೆ ವಿಚಾರಣೆ ಹಾಕ್ದ. ಯಾರೂ ಇಲ್ಲದಾಗ ರಾಜ ಗಾವೊ ಲಿಶಿನ ಕೇಳ್ದ, ಮಳೆ ನಿಲ್ತಾನೇ ಇಲ್ಲ, ಏನನ್ಸುತ್ತೆ ಹೇಳು. ನೀವು ಅಧಿಕಾರನ ಮಂತ್ರಿಗೆ ಕೊಟ್ಟ ಮೇಲೆ ನ್ಯಾಯ ನೀತಿ ಯಾವುದೂ ಸರಿ ಇಲ್ಲ, ನಾನೇನು ಹೇಳ್ಲಿ ಅಂದ. ರಾಜ ಸುಮ್ಮನಾದ. ಆಗ ಸೂರು ನೋಡಿದ್ನೋ ಏನೋ.

ಮುಂದಿನದು ಬೇಗ ಆಯ್ತು. 755ರ ಡಿಸೆಂಬರಲ್ಲಿ ಲುಶಾನ್ ಈಗಿನ ಬೀಜಿಂಗ್ ಹತ್ರದಿಂದ ಒಂದೂವರೆ ಲಕ್ಷ ಸೈನ್ಯ ತಗೊಂಡು ಹೊರಟ. ಬಿಸಿನೀರ ಬುಗ್ಗೆ ಅರಮನೆಯಲ್ಲಿದ್ದ ರಾಜ ಮೊದಲು ನಂಬಲೇ ಇಲ್ಲ, ಯಾರೋ ಆಗದವರು ಹಬ್ಬಿಸಿರೋದು ಅಂದ. ಒಂದೇ ತಿಂಗಳಲ್ಲಿ ಎರಡನೇ ರಾಜಧಾನಿ ಲುವೊಯಾಂಗ್ ಹೋಯ್ತು. ಹಿಂದೆ ಸರಿದು ಟೊಂಗ್ ಕಣಿವೆ ಕೋಟೆ ಹಿಡಿದು ನಿಂತ ಇಬ್ಬರು ಒಳ್ಳೇ ಸೇನಾಧಿಪತಿಗಳ ತಲೆಯನ್ನ ಒಬ್ಬ ನಪುಂಸಕ ಅಧಿಕಾರಿಯ ದೂರು ಕೇಳಿ ತೆಗೆಸಿದ. ಪಾರ್ಶ್ವವಾಯು ಬಡಿದು ಮನೇಲಿದ್ದ ಗೆಶು ಹಾನ್ ಅನ್ನೋ ಸೇನಾಧಿಪತಿನ ಎತ್ಕೊಂಡು ಬಂದು ಕೂರಿಸಿದ್ರು. ಅವನೂ ಇಲ್ಲೇ ಕೂತು ಕಾಯೋಣ, ಅವರೇ ಸುಸ್ತಾಗ್ತಾರೆ ಅಂದ, ಸರಿಯಾಗೇ ಹೇಳಿದ್ದ. ಅವನು ತಿರುಗಿ ತನ್ನ ಮೇಲೇ ಬಿದ್ರೆ ಅನ್ನೋ ಭಯ ಗುವೊಝೊಂಗ್‌ಗೆ, ಹೊರಗೆ ಬಂದು ಯುದ್ಧ ಮಾಡು ಅಂತ ರಾಜನ ಕೈಲಿ ಓಲೆ ಮೇಲೆ ಓಲೆ ಕಳಿಸಿದ. ಗೆಶು ಹಾನ್ ಎದೆ ಬಡ್ಕೊಂಡು ಅಳ್ತಾ ಹೊರಟ, ಲಕ್ಷಕ್ಕೂ ಮಿಕ್ಕಿದ ಸೈನ್ಯದಲ್ಲಿ ವಾಪಸ್ ಕೋಟೆಗೆ ಬಂದಿದ್ದು ಎಂಟು ಸಾವಿರ ಚಿಲ್ಲರೆ.

ಪ್ರತಿ ಸಂಜೆ ಆ ಕಣಿವೆಯಿಂದ ಗುಡ್ಡದಿಂದ ಗುಡ್ಡಕ್ಕೆ ಬೆಂಕಿ ಹಚ್ಚಿ ಎಲ್ಲಾ ಕ್ಷೇಮ ಅಂತ ರಾಜಧಾನಿಗೆ ಸಂಜ್ಞೆ ಬರ್ತಿತ್ತು. ಅವತ್ತು ಸಂಜೆ ಬೆಂಕಿ ಬರಲಿಲ್ಲ. ಆಗ ರಾಜನಿಗೆ ಭಯ ಶುರುವಾಯ್ತು ಅಂತ ಬರೆದಿದ್ದಾರೆ. ಇಪ್ಪತ್ತು ವರ್ಷದಲ್ಲಿ ಅವನಿಗೆ ಸಿಕ್ಕ ಮೊದಲ ಪ್ರಾಮಾಣಿಕ ವರದಿ ಅದು ಅನ್ಸುತ್ತೆ ನನಗೆ, ಬರದೇ ಹೋದ ಬೆಂಕಿ.

ಕೆಲವೇ ದಿನದಲ್ಲಿ, ನಸುಕಿನಲ್ಲಿ, ಯಾರಿಗೂ ಹೇಳದೆ ಹೊರಟ. ದಾರಿಯಲ್ಲಿ ಖಜಾನೆ ಸುಟ್ಟುಬಿಡೋಣ ಅಂತ ಗುವೊಝೊಂಗ್ ಅಂದಿದ್ದಕ್ಕೆ, ಬೇಡ, ಬಂದವರಿಗೆ ಇಲ್ಲಿ ಏನೂ ಸಿಗದಿದ್ರೆ ಜನರನ್ನ ಸುಲೀತಾರೆ ಅಂದ. ಆ ಹಳೇ ರಾಜ ಇನ್ನೂ ಒಳಗೆಲ್ಲೋ ಇದ್ದ ನೋಡಿ. ಬೆಳಗ್ಗೆ ಎಂದಿನಂತೆ ಆಸ್ಥಾನಕ್ಕೆ ಬಂದ ಅಧಿಕಾರಿಗಳಿಗೆ ಹೊರಗೆ ಕಾವಲುಗಾರರು ಸಾಲಾಗಿ ನಿಂತಿದ್ದು ಕಾಣ್ತು, ನೀರಗಡಿಯಾರದ ಸದ್ದು ಕೇಳ್ತು. ಬಾಗಿಲು ತೆಗೆದ್ರೆ ಒಳಗಿನ ಹೆಂಗಸರು ಹೊರಗೆ ಓಡಿಬಂದ್ರು, ರಾಜ ಎಲ್ಲಿ ಅಂತ ಯಾರಿಗೂ ಗೊತ್ತಿಲ್ಲ. ಅದೇ ದಿನ ಮಧ್ಯಾಹ್ನದ್ದು ಆ ಒರಟು ಅನ್ನ, ಆ ಮುದುಕನ ಮಾತು.

ಮಾರನೇ ದಿನ ಮಾವೇ ಅನ್ನೋ ಅಂಚೆಯ ತಂಗುದಾಣದಲ್ಲಿ ಸೈನಿಕರು ಹಸಿದು ಸಿಟ್ಟಾಗಿ ಮುಂದೆ ಹೆಜ್ಜೆ ಇಡಲ್ಲ ಅಂದ್ರು. ಗುವೊಝೊಂಗ್‌ನ ಕಡಿದುಹಾಕಿದ್ರು. ಅಷ್ಟಕ್ಕೂ ನಿಲ್ಲದೆ ಬಾಗಿಲು ಸುತ್ತುವರಿದು ಗುಯಿಫೇನೂ ಮುಗಿಸಿ ಅಂದ್ರು. ಅದನ್ನ ರಾಜನಿಗೆ ಹೇಳಿದವನು ಕಾವಲುಪಡೆ ಮುಖ್ಯಸ್ಥ ಚೆನ್ ಶುವಾನ್‌ಲಿ. ನೆನಪಿದ್ಯಾ, 46 ವರ್ಷ ಹಿಂದೆ ಒಂದು ರಾತ್ರಿ ಇವನ ಜೊತೆ ಅರಮನೆಗೆ ನುಗ್ಗಿ ಇವನನ್ನ ಮೇಲೆ ತಂದವನು. ಅವಳು ಅಂತಃಪುರದಲ್ಲಿರೋಳು, ಅವಳಿಗೇನು ಗೊತ್ತಿತ್ತು ಅಂತ ರಾಜ ಕೇಳ್ದ. ಗಾವೊ ಲಿಶಿ ಹೇಳ್ದ, ಅವಳ ತಪ್ಪಿಲ್ಲ ಸ್ವಾಮಿ, ಆದ್ರೆ ಅವಳ ಸಂಬಂಧಿ ಗುವೊಝೊಂಗ್‌ನ ಕೊಂದ ಸೈನಿಕರು ಅವಳು ನಿಮ್ಮ ಪಕ್ಕದಲ್ಲಿದ್ರೆ ನೆಮ್ಮದಿಯಾಗಿ ಇರ್ತಾರಾ? ಒಂದು ಸಣ್ಣ ಬುದ್ಧನ ಗುಡಿಯಲ್ಲಿ ಅವಳ ಕತ್ತು ಬಿಗಿದ್ರು. 37 ವರ್ಷ. ಐವತ್ತು ವರ್ಷ ಆದ್ಮೇಲೆ ಕವಿಗಳು ಇದನ್ನ ಅಮರ ಪ್ರೇಮ ಅಂತ ಬರೆದ್ರು. ಅವಳ ತಪ್ಪಿಲ್ಲ ಅಂತ ಗೊತ್ತಿದ್ದೂ ಆ ಗುಡಿಗೆ ಕಳಿಸಿದ್ದನ್ನ ಪ್ರೇಮ ಅಂತ ಕರೆಯೋಕೆ ನನಗಂತೂ ಬಾಯಿ ಬರಲ್ಲ.

ಯುವರಾಜ ಅಲ್ಲಿಂದ ಬೇರೆಯಾಗಿ ಉತ್ತರಕ್ಕೆ ಹೋಗಿ ಅಪ್ಪನನ್ನ ಕೇಳದೆ ತಾನೇ ಚಕ್ರವರ್ತಿ ಅಂತ ಘೋಷಿಸ್ಕೊಂಡ. ನೈಋತ್ಯದ ಚೆಂಗ್ಡು ಪಟ್ಟಣಕ್ಕೆ ಹೋಗಿ ಕೂತಿದ್ದ ಅಪ್ಪ ಸುದ್ದಿ ಕೇಳಿ ಒಪ್ಕೊಂಡು ಮುದ್ರೆ ಕಳಿಸಿಕೊಟ್ಟ. ಅಲ್ಲಿಂದಲೇ ಆಳು ಕಳಿಸಿ, ಯಾವತ್ತೋ ಸತ್ತುಹೋಗಿದ್ದ ಜಾಂಗ್ ಜಿಯುಲಿಂಗ್ ಸಮಾಧಿಗೆ ಪೂಜೆ ಮಾಡಿಸ್ದ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ್ರಂತೆ. ದಂಗೆ 763ರವರೆಗೆ ನಡೀತು. 764ರ ಗಣತಿಯಲ್ಲಿ ಲೆಕ್ಕಕ್ಕೆ ಸಿಕ್ಕವರು 1.69 ಕೋಟಿ ಅಷ್ಟೇ. ಉಳಿದವರೆಲ್ಲ ಸತ್ರು ಅಂತಲ್ಲ, ಎಷ್ಟೋ ಜನ ಊರು ಬಿಟ್ಟಿದ್ರು, ಎಷ್ಟೋ ಪ್ರಾಂತ್ಯಗಳಲ್ಲಿ ಎಣಿಸೋ ಅಧಿಕಾರನೇ ಉಳಿದಿರ್ಲಿಲ್ಲ. ಆದ್ರೂ 754ರ 5.28 ಕೋಟಿನೂ ಈ 1.69 ಕೋಟಿನೂ ಅಕ್ಕಪಕ್ಕ ಬರೆದು ನೋಡಿ.

757ರ ಕೊನೆಗೆ ಮುದುಕ ರಾಜಧಾನಿಗೆ ವಾಪಸ್ ಬಂದ, ತನ್ನ ಹಳೇ ಶಿಂಗ್‌ಚಿಂಗ್ ಅರಮನೆಯಲ್ಲೇ ಇದ್ದ. ಅಲ್ಲಿ ರಸ್ತೆಗೆ ಮುಖ ಮಾಡಿದ ಒಂದು ಉಪ್ಪರಿಗೆ. ಅಲ್ಲಿ ನಿಂತು ಕೆಳಗೆ ನೋಡೋನು. ದಾರಿಹೋಕ ಮುದುಕರು ಮೇಲೆ ನೋಡಿ ಕೈಮುಗಿದು ಜೈಕಾರ ಹಾಕೋರು, ಇವನು ಕೆಳಗೆ ಅವರಿಗೆ ಊಟ, ಮದ್ಯ ಕೊಡಿಸೋನು. ಹಳ್ಳಿಯವರ ಅನ್ನ ತಿಂದ ಋಣ ಅಂತ ಅಂದ್ಕೊಂಡಿದ್ನೋ, ಸುಮ್ನೆ ಬೇಜಾರು ಕಳೆಯೋಕೋ. ಆದ್ರೆ ಅದೇ ಮುಳುವಾಯ್ತು. ಮಗನ ಆಸ್ಥಾನದಲ್ಲಿ ಮೆರೀತಿದ್ದ ಲಿ ಫುಗುವೊ ಅನ್ನೋ ನಪುಂಸಕ ಅಧಿಕಾರಿ, ಮುದುಕ ಹೊರಗಿನವರ ಜೊತೆ ಸೇರಿ ಮತ್ತೆ ಗದ್ದುಗೆಗೆ ಹೊಂಚು ಹಾಕ್ತಿದ್ದಾನೆ ಅಂತ ಕಿವಿ ಕಚ್ಚಿದ. ಇದ್ದ 300 ಕುದುರೆಗಳಲ್ಲಿ ಹತ್ತು ಬಿಟ್ಟು ಉಳಿದದ್ದು ಕಿತ್ಕೊಂಡ. 760ರಲ್ಲಿ ಒಂದಿನ ದಾರಿಯಲ್ಲಿ 500 ಸವಾರರು ಕತ್ತಿ ಹಿರಿದು ಅಡ್ಡಗಟ್ಟಿದ್ರು, ಮುದುಕ ಗಾಬರಿಯಾಗಿ ಕುದುರೆಯಿಂದ ಬೀಳೋದ್ರಲ್ಲಿದ್ದ. ಗಾವೊ ಲಿಶಿ ಗದರಿಸ್ದ, ಲಿ ಫುಗುವೊ, ಇಳಿ ಕೆಳಗೆ! ಐವತ್ತು ವರ್ಷ ದೇಶಕ್ಕೆ ನೆಮ್ಮದಿ ಕೊಟ್ಟವನು ಇವನು! ಅವನ ಕೈಲೇ ಕುದುರೆ ಲಗಾಮು ಹಿಡಿಸಿ ನಡೆಸಿದ. ಇವತ್ತು ನೀನಿಲ್ದೇ ಇದ್ರೆ ನಾನು ಹೆಣ ಆಗ್ತಿದ್ದೆ ಅಂತ ಮುದುಕ ಅವನ ಕೈ ಹಿಡ್ಕೊಂಡ.

ಒಳಗಿನ ಹಳೇ ಅರಮನೆಗೆ ಸಾಗಿಸಿದ್ರು. ಕೆಲವೇ ದಿನಕ್ಕೆ ಗಾವೊ ಲಿಶಿನ ದೂರದ ವುಝೌಗೆ ಗಡೀಪಾರು ಮಾಡಿದ್ರು, ಚೆನ್ ಶುವಾನ್‌ಲಿಗೆ ನಿವೃತ್ತಿ ಕೊಟ್ರು. ಮುದುಕ ಮಾಂಸ ಬಿಟ್ಟ, ಆಮೇಲೆ ಊಟಾನೂ ಬಿಡ್ತಾ ಬಂದ. 762ರ ಮೇ 3ರಂದು ತೀರಿಹೋದ. ಹದಿಮೂರು ದಿನಕ್ಕೆ ಮಗನೂ ಹೋದ.

ಕ್ಷಮಾದಾನ ಸಿಕ್ಕಿ ಗಾವೊ ಲಿಶಿ ವಾಪಸ್ ಬರ್ತಿದ್ದ. ದಾರಿಯಲ್ಲಿ ಸುದ್ದಿ ಕಿವಿಗೆ ಬಿತ್ತು. ಉತ್ತರಕ್ಕೆ ತಿರುಗಿ ಅತ್ತ, ರಕ್ತ ಕಾರ್ಕೊಂಡು ಅಲ್ಲೇ ಸತ್ತ. ಶಿಯಾನ್‌ನ ಈಶಾನ್ಯಕ್ಕೆ ಪುಚೆಂಗ್ ಅಂತ ಒಂದು ತಾಲೂಕು, ಅಲ್ಲಿ ಗುಡ್ಡದಡಿ ಶುವಾನ್‌ಝೊಂಗ್ ಸಮಾಧಿ ಇದೆ. ಬೇರೆ ದೊಡ್ಡ ಟಾಂಗ್ ರಾಜರ ಸಮಾಧಿ ಸುತ್ತ ಮಂತ್ರಿಗಳು, ಸೇನಾಧಿಪತಿಗಳು, ಮಕ್ಕಳು ಅಂತ ಡಜನ್‌ಗಟ್ಟಲೆ ಸಮಾಧಿ ಇರುತ್ತೆ. ಇಲ್ಲಿ ಹೊರಗೆ ಜೊತೆಗಿರೋದು ಒಂದೇ. 1999ರಲ್ಲಿ ಅಗೆದು ನೋಡಿದ್ರು, ಅದು ಗಾವೊ ಲಿಶಿಯದು.